ಸ್ಪ್ಲಿಟ್ ಕೀಬೋರ್ಡ್ ಶುರು ಮಾಡುವುದು ಹೇಗೆ: ಕನ್ನಡದಲ್ಲೂ ಟೈಪ್ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಮಾಮೂಲಿ ಕೀಬೋರ್ಡ್ ಮೇಲೆ ಎರಡೂ ಕೈ ಇಟ್ಟು ನಿಮ್ಮ ಮಣಿಕಟ್ಟನ್ನು ಒಮ್ಮೆ ನೋಡಿ. ಭುಜಗಳು ಒಳಕ್ಕೆ ಸೇರಿಕೊಂಡಿರುತ್ತವೆ. ಬೆರಳು ಸಾಲಿಗೆ ಸರಿಯಾಗಿ ಕೂರಲಿ ಎಂದು ಮಣಿಕಟ್ಟು ಕಿರುಬೆರಳಿನ ಕಡೆಗೆ ಸೊಟ್ಟಗಾಗಿರುತ್ತದೆ. ಅಂಗೈ ಪೂರ್ತಿ ಕೆಳಮುಖವಾಗಿರುತ್ತದೆ. ಐದು ನಿಮಿಷಕ್ಕೆ ಇದೇನೂ ಅಲ್ಲ. ದಿನಕ್ಕೆ ಎಂಟು ಗಂಟೆ ಕೋಡ್ ಬರೆಯುವವರಿಗೆ, ಡಿಟಿಪಿ ಮಾಡುವವರಿಗೆ, ಅನುವಾದ ಮಾಡುವವರಿಗೆ ಇದು ದೊಡ್ಡ ವಿಷಯವೇ.

ಸ್ಪ್ಲಿಟ್ ಕೀಬೋರ್ಡ್ ಅಂದರೆ ಎರಡು ಹೋಳಾಗಿರುವ ಕೀಬೋರ್ಡ್. ಒಂದೊಂದು ಕೈಗೆ ಒಂದೊಂದು ಹೋಳು. ಭುಜದಷ್ಟು ಅಗಲಕ್ಕೆ ಇಟ್ಟುಕೊಂಡರೆ ಮಣಿಕಟ್ಟು ನೇರವಾಗುತ್ತದೆ. ಇವುಗಳಲ್ಲಿ ಹೆಚ್ಚಿನವಕ್ಕೆ ಇನ್ನೊಂದು ಗುಣವಿದೆ: ಕೀಗಳು ಅಡ್ಡಸಾಲಿಗೆ ಓರೆಯಾಗಿಲ್ಲದೆ, ಬೆರಳು ಚಾಚುವ ದಾರಿಯಲ್ಲೇ ಕಂಬಸಾಲಾಗಿ ನಿಂತಿರುತ್ತವೆ. ಈಗಿನ ಓರೆ ಸಾಲು ಬಂದದ್ದು 19ನೇ ಶತಮಾನದ ಟೈಪ್‌ರೈಟರ್‌ನಿಂದ. ಪ್ರತಿ ಕೀಯ ಕೆಳಗೂ ಒಂದು ಸರಳು ಇರುತ್ತಿತ್ತು, ಸರಳುಗಳು ಒಂದಕ್ಕೊಂದು ತಾಗದಂತೆ ಸಾಲನ್ನು ಸ್ವಲ್ಪ ಸ್ವಲ್ಪ ಸರಿಸಿದ್ದರು. ಕ್ರಿಸ್ಟೋಫರ್ ಶೋಲ್ಸ್ ಈಗಿನ ಮಾಮೂಲಿ ಇಂಗ್ಲಿಷ್ ಜೋಡಣೆಯಾದ ಕ್ವರ್ಟಿಗೆ (QWERTY) ಪೇಟೆಂಟ್ ಪಡೆದದ್ದು 1878ರಲ್ಲಿ. ಸರಳು ಹೋಗಿ ಎಷ್ಟೋ ಕಾಲವಾಯಿತು, ಓರೆ ಸಾಲು ಮಾತ್ರ ಉಳಿದುಕೊಂಡಿದೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಕೈ ಜೋಮು ಹಿಡಿಯುತ್ತಿದ್ದರೆ, ರಾತ್ರಿ ನೋವಿನಿಂದ ಎಚ್ಚರವಾಗುತ್ತಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ಕೀಬೋರ್ಡ್ ಔಷಧಿ ಅಲ್ಲ.

ಇಂಗ್ಲಿಷಿನಲ್ಲಿ ಈ ಬಗ್ಗೆ ಬೇಕಾದಷ್ಟು ಮಾಹಿತಿ ಸಿಗುತ್ತದೆ. ಆದರೆ ಅದನ್ನೆಲ್ಲ ಇಂಗ್ಲಿಷ್ ಒಂದನ್ನೇ ಟೈಪ್ ಮಾಡುವವರಿಗಾಗಿ ಬರೆದಿರುತ್ತಾರೆ. ಎಷ್ಟು ಕೀ ಇರುವ ಬೋರ್ಡ್ ಕೊಳ್ಳಬೇಕು, ಶಿಫ್ಟ್ ಎಲ್ಲಿರಬೇಕು ಎಂಬ ಪ್ರಶ್ನೆಗಳಿಗೆ ಕನ್ನಡ ಟೈಪ್ ಮಾಡುವವರ ಉತ್ತರ ಬೇರೆಯೇ ಇರುತ್ತದೆ. ಈ ಮಾರ್ಗದರ್ಶಿಯಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಹಂತ 1: ಎಷ್ಟು ಕೀ ಬೇಕು?

ಎಲ್ಲಕ್ಕಿಂತ ಮೊದಲು ತೀರ್ಮಾನ ಆಗಬೇಕಾದ್ದು ಇದು. ಹೆಚ್ಚು ಬಳಕೆಯಲ್ಲಿರುವ ಮುಕ್ತ ವಿನ್ಯಾಸಗಳು ಮೂರು ಅಳತೆಯಲ್ಲಿ ಸಿಗುತ್ತವೆ. ಫೆರಿಸ್ ಸ್ವೀಪ್‌ನಲ್ಲಿ 34 ಕೀ. ಕಾರ್ನೆಯಲ್ಲಿ 42: ಒಂದೊಂದು ಕೈಗೆ ಆರು ಕಂಬ, ಮೂರು ಸಾಲು, ಹೆಬ್ಬೆರಳಿಗೆ ಮೂರು. ಲಿಲಿ58, ಸೋಫ್ಲೆ ಎರಡರಲ್ಲೂ 58, ಮೇಲೆ ಅಂಕಿಗಳ ಸಾಲೂ ಇರುತ್ತದೆ. ಸಿದ್ಧವಾಗಿಯೇ ಬರುವ ದುಬಾರಿ ಬೋರ್ಡ್‌ಗಳಲ್ಲಿ ಇನ್ನೂ ಹೆಚ್ಚು: ಕಿನೆಸಿಸ್ ಅಡ್ವಾಂಟೇಜ್ 360ರಲ್ಲಿ 76, ಗ್ಲೋವ್80ರಲ್ಲಿ ಹೆಸರೇ ಹೇಳುವಂತೆ 80.

ಕಡಿಮೆ ಕೀ ಇದ್ದರೆ ಬೆರಳಿನ ಓಡಾಟ ಕಡಿಮೆ ಅನ್ನುವುದು ನಿಜ. ಆದರೆ ಕೊಳ್ಳುವ ಮೊದಲು ನೀವು ಕನ್ನಡಕ್ಕೆ ಯಾವ ಕೀ ಜೋಡಣೆ ಬಳಸುತ್ತೀರಿ ಅಂತ ನೋಡಿಕೊಳ್ಳಿ.

ಕಗಪ ಜೋಡಣೆ, ಅಂದರೆ ಕೆ. ಪಿ. ರಾವ್ ಅವರ ಜೋಡಣೆಯ ದಾರಿಯಲ್ಲಿ ಬಂದು ನುಡಿ ತಂತ್ರಾಂಶದಲ್ಲಿ ನಾವೆಲ್ಲ ಕಲಿತದ್ದು, ಕನ್ನಡದ ಅಕ್ಷರಗಳನ್ನು 26 ಅಕ್ಷರ ಕೀಗಳು ಮತ್ತು ಶಿಫ್ಟ್ ಒಳಗೇ ಮುಗಿಸುತ್ತದೆ. ನೀವು ಕಗಪದವರಾದರೆ 42 ಕೀ ಸಾಕು. ಅಭ್ಯಾಸವಾದ ಮೇಲೆ 34ಕ್ಕೂ ಇಳಿಯಬಹುದು.

ಇನ್‌ಸ್ಕ್ರಿಪ್ಟ್, ಅಂದರೆ ಭಾರತೀಯ ಭಾಷೆಗಳಿಗೆಂದು ಸರ್ಕಾರ ಮಾಡಿದ ಜೋಡಣೆ, ಹಾಗಲ್ಲ. ಅದರಲ್ಲಿ 'ಕೊಡು' ಎಂದು ಟೈಪ್ ಮಾಡಿ ನೋಡಿ. 'ೊ' ಇರುವುದು ಅಂಕಿ 1ರ ಎಡಕ್ಕಿರುವ ಕೀಯಲ್ಲಿ. 'ಡ' ಇರುವುದು ಪಿ ಪಕ್ಕದ ಚೌಕ ಆವರಣದ ([) ಕೀಯಲ್ಲಿ. 42 ಕೀ ಬೋರ್ಡ್‌ನ ಮೊದಲ ಪದರದಲ್ಲಿ, ಅಂದರೆ ಬೇರೆ ಯಾವ ಕೀಯನ್ನೂ ಹಿಡಿಯದೆ ನೇರವಾಗಿ ಸಿಗುವ ಕೀಗಳಲ್ಲಿ, ಸಾಮಾನ್ಯವಾಗಿ ಇವೆರಡೂ ಇರುವುದಿಲ್ಲ. 'ಟ' ಕೂಡ ಉದ್ಧರಣ ಚಿಹ್ನೆಯ ಕೀಯಲ್ಲಿದೆ, ಅದಕ್ಕೂ ಜಾಗ ಬಿಡಬೇಕು. ಎರಡು ಅಕ್ಷರದ ಒಂದು ಮಾಮೂಲಿ ಪದಕ್ಕೆ ಎರಡು ಸಲ ಪದರ ಬದಲಿಸುವುದು ಯಾರಿಗೆ ಬೇಕು? ಇನ್‌ಸ್ಕ್ರಿಪ್ಟ್ ಬಳಸುವವರಿಗೆ ನನ್ನ ಸಲಹೆ ಖಡಾಖಂಡಿತ: 58 ಕೀಗಿಂತ ಕಡಿಮೆಯದಕ್ಕೆ ಹೋಗಬೇಡಿ. ಅಂದ ಹಾಗೆ, ಸ್ವರ ಚಿಹ್ನೆಗಳು ಹೆಚ್ಚುಕಡಿಮೆ ಎಲ್ಲ ಎಡಗೈಗೆ, ವ್ಯಂಜನಗಳಲ್ಲಿ ಬಹುಪಾಲು ಬಲಗೈಗೆ ಅನ್ನುವುದು ಇನ್‌ಸ್ಕ್ರಿಪ್ಟ್‌ನ ಏರ್ಪಾಡು. ಹಾಗಾಗಿ ಎರಡು ಹೋಳಿನ ಬೋರ್ಡ್‌ನಲ್ಲಿ ಅದು ತುಂಬ ಚೆನ್ನಾಗಿ ಓಡುತ್ತದೆ. ಕೀ ಮಾತ್ರ ಸಾಲಬೇಕು.

ಅಳತೆ ಗೊತ್ತಾದ ಮೇಲೆ ಆ ಬೋರ್ಡ್‌ನ ಚಿತ್ರವನ್ನು ನಿಜವಾದ ಅಳತೆಯಲ್ಲೇ ಪ್ರಿಂಟ್ ಹಾಕಿಸಿ. ಪ್ರಿಂಟ್ ಸರಿಯಿದೆಯೇ ಎಂದು ಸ್ಕೇಲಿನಿಂದ ನೋಡಿ: ಮಾಮೂಲಿ ಎಂಎಕ್ಸ್ ಸ್ವಿಚ್‌ಗಳ (ಪ್ರತಿ ಕೀಯ ಕೆಳಗಿರುವ ಒತ್ತುಗುಂಡಿ) ನಡುಬಿಂದುಗಳ ದೂರ 19.05 ಮಿ.ಮೀ. ಇರಬೇಕು. ಹಾಳೆಯ ಮೇಲೆ ಕಣ್ಣು ಮುಚ್ಚಿ ಕೈ ಇಡಿ. ಹೆಬ್ಬೆರಳು ಎಲ್ಲಿ ಬೀಳುತ್ತದೆ, ಕಿರುಬೆರಳು ಮೇಲಿನ ಸಾಲಿಗೆ ಮುಟ್ಟುತ್ತದಾ, ಇಷ್ಟು ನೋಡಿದರೆ ಸಾಕು. ಸಣ್ಣ ಕೈಯವರಿಗೆ ಕೆಲವು ಬೋರ್ಡ್‌ಗಳ ಹೆಬ್ಬೆರಳಿನ ಕೀ ತುಂಬ ದೂರವಾಗುತ್ತದೆ. ಅದು ಹಾಳೆಯಲ್ಲೇ ಗೊತ್ತಾದರೆ ದುಡ್ಡು ಉಳಿಯುತ್ತದೆ.

ಹಂತ 2: ಸ್ವಿಚ್, ವೈರು, ಫರ್ಮ್‌ವೇರ್

ಸ್ವಿಚ್‌ಗಳಲ್ಲಿ ಎರಡು ಕುಲ. ಎತ್ತರದ ಎಂಎಕ್ಸ್ ಮಾದರಿ, ತೆಳ್ಳಗಿನ ಕೈಲ್ ಚಾಕ್ ಮಾದರಿ. ಚಾಕ್ ಮೊದಲ ಆವೃತ್ತಿಗೆ ಎಂಎಕ್ಸ್ ಕೀಕ್ಯಾಪ್ (ಕೀಯ ಮೇಲಿನ ಟೋಪಿ) ಕೂರುವುದಿಲ್ಲ. ಆರ್ಡರ್ ಮಾಡುವಾಗ ಬೋರ್ಡ್, ಸ್ವಿಚ್, ಕೀಕ್ಯಾಪ್ ಮೂರೂ ಒಂದೇ ಕುಲದ್ದು ಅಂತ ಎರಡು ಸಲ ನೋಡಿ. ಒತ್ತಿದಾಗ ಸಲೀಸಾಗಿ ಇಳಿಯುವುದು ಲೀನಿಯರ್, ನಡುವೆ ಒಂದು ಗುಬ್ಬು ಸಿಕ್ಕಂತಾಗುವುದು ಟ್ಯಾಕ್ಟೈಲ್, ಟಕ್ ಎಂದು ಸದ್ದು ಮಾಡುವುದು ಕ್ಲಿಕಿ. ಮನೆಯಲ್ಲಿ ಮಗು ಮಲಗಿದ್ದರೆ ಕ್ಲಿಕಿ ಬೇಡ. ಚೆರ್ರಿ ಕಂಪನಿಯ ಲೀನಿಯರ್ ಸ್ವಿಚ್ ರೆಡ್ ಒತ್ತಲು ಸುಮಾರು 45 ಗ್ರಾಂ ಬಲ ಬೇಕು, ಟ್ಯಾಕ್ಟೈಲ್ ಆದ ಬ್ರೌನ್‌ಗೆ 55. ಶುರುವಿಗೆ ಇವೆರಡರ ಆಸುಪಾಸಿನ ಯಾವುದಾದರೂ ನಡೆಯುತ್ತದೆ. ಹಾಟ್‌ಸ್ವಾಪ್ ಸಾಕೆಟ್ ಇರುವ ಬೋರ್ಡ್ ತೆಗೆದುಕೊಂಡರೆ ಆಮೇಲೆ ಸ್ವಿಚ್ ಕಿತ್ತು ಬೇರೆ ಹಾಕಬಹುದು, ಬೆಸುಗೆ ಬಿಚ್ಚುವ ಕೆಲಸ ಇರುವುದಿಲ್ಲ.

ವೈರ್ ಇರುವ ಬೋರ್ಡ್‌ಗಳು ಸಾಮಾನ್ಯವಾಗಿ ಕ್ಯೂಎಂಕೆ ಎಂಬ ಫರ್ಮ್‌ವೇರ್ (ಕೀಬೋರ್ಡಿನ ಒಳಗೇ ಇರುವ ತಂತ್ರಾಂಶ) ಮೇಲೆ ಓಡುತ್ತವೆ. ವೈರ್‌ಲೆಸ್ ಬೋರ್ಡ್‌ಗಳು ಝಡ್‌ಎಂಕೆ ಮೇಲೆ. ಎರಡೂ ಮುಕ್ತ ತಂತ್ರಾಂಶ. ಮೊದಲ ಬೋರ್ಡ್‌ಗೆ ನಾನು ವೈರ್ ಇರುವುದನ್ನೇ ಹೇಳುವುದು, ಅದರಲ್ಲೂ ವಯಲ್ ಎಂಬ ಹೊಂದಿಕೆಯ ಸಾಧನ ನಡೆಯುವಂಥದ್ದನ್ನು. ಕಾರಣ ಇಷ್ಟೇ: ವಯಲ್‌ನಲ್ಲಿ ಪರದೆಯ ಮೇಲೆ ಕೀ ಚಿತ್ರ ಕಾಣುತ್ತದೆ, ಕ್ಲಿಕ್ ಮಾಡಿ ಬದಲಿಸಿದರೆ ಆ ಕ್ಷಣವೇ ಕೀಬೋರ್ಡ್‌ನಲ್ಲಿ ಬದಲಾಗುತ್ತದೆ. ಶುರುವಿನ ದಿನಗಳಲ್ಲಿ ಕೀಗಳನ್ನು ಪದೇಪದೇ ಬದಲಿಸುತ್ತೀರಿ. ಪ್ರತಿ ಸಲ ಫರ್ಮ್‌ವೇರ್ ಕಟ್ಟಿ ತುಂಬಿಸುವುದು ಬೇಜಾರಾಗಿಬಿಡುತ್ತದೆ.

ಹಂತ 3: ಜೋಡಣೆ

ಜೋಡಿಸಿದ್ದೇ ಸಿಕ್ಕರೆ ಈ ಭಾಗ ಬಿಟ್ಟು ಮುಂದೆ ಹೋಗಿ, ಕೊನೆಯ ಎಚ್ಚರಿಕೆ ಒಂದನ್ನು ಮಾತ್ರ ಓದಿ. ಕಿಟ್ ತಂದಿದ್ದರೆ ಕ್ರಮ ಹೀಗೆ: ಮೊದಲು ಡಯೋಡ್, ಆಮೇಲೆ ಸಾಕೆಟ್, ಜ್ಯಾಕ್, ರೀಸೆಟ್ ಬಟನ್, ಕೊನೆಗೆ ಮೈಕ್ರೋಕಂಟ್ರೋಲರ್ (ಕೀಬೋರ್ಡಿನ ಮಿದುಳಿನಂಥ ಚಿಪ್ ಇರುವ ಪುಟ್ಟ ಹಲಗೆ). ಡಯೋಡ್‌ಗೆ ದಿಕ್ಕು ಇದೆ. ಅದರ ಒಂದು ತುದಿಯಲ್ಲಿ ಗೆರೆ ಇರುತ್ತದೆ, ಬೋರ್ಡ್ ಮೇಲಿನ ಗುರುತಿಗೂ ಅದಕ್ಕೂ ಹೊಂದಬೇಕು. ತಿರುಗುಮುರುಗಾದರೆ ಆ ಕೀ ಕೆಲಸ ಮಾಡುವುದಿಲ್ಲ. ಮೈಕ್ರೋಕಂಟ್ರೋಲರ್ ಯಾವ ಮುಖ ಮೇಲೆ ಬರಬೇಕು ಅನ್ನುವುದು ಎಷ್ಟೋ ವಿನ್ಯಾಸಗಳಲ್ಲಿ ಎಡ ಬಲಕ್ಕೆ ಬೇರೆ ಬೇರೆ. ಕೈಪಿಡಿಯ ಫೋಟೋ ಪಕ್ಕದಲ್ಲಿಟ್ಟುಕೊಂಡೇ ಕೂರಿಸಿ. ಯುಎಸ್‌ಬಿ ಟೈಪ್-ಸಿ ಇರುವುದೇ ಇರಲಿ. ಪ್ರೊ ಮೈಕ್ರೋ ಎಂಬ ಹಳೆಯ ಮೈಕ್ರೋಕಂಟ್ರೋಲರ್‌ನ ಮೈಕ್ರೋ ಯುಎಸ್‌ಬಿ ಸಾಕೆಟ್ ಕಿತ್ತು ಬರುವುದು ಜಾಸ್ತಿ.

ಆರ್‌ಪಿ2040 ಚಿಪ್ ಇದ್ದರೆ ಫರ್ಮ್‌ವೇರ್ ತುಂಬಿಸುವುದು ಸುಲಭ. ಹೆಚ್ಚಿನ ಬೋರ್ಡ್‌ಗಳಲ್ಲಿ ರೀಸೆಟ್ ಬಟನ್ನನ್ನು ಬೇಗ ಬೇಗ ಎರಡು ಸಲ ಒತ್ತಿದರೆ ಸಾಕು. ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್ ತರಹ ಒಂದು ಡ್ರೈವ್ ತೆರೆದುಕೊಳ್ಳುತ್ತದೆ. ಫರ್ಮ್‌ವೇರ್‌ನ ಯುಎಫ್2 ಫೈಲನ್ನು ಅದರೊಳಗೆ ಹಾಕಿದರೆ ಮುಗಿಯಿತು. ಎರಡೂ ಹೋಳಿಗೂ ಬೇರೆ ಬೇರೆಯಾಗಿ ಮಾಡಬೇಕು ಅನ್ನುವುದನ್ನು ಮರೆಯಬೇಡಿ. ಆಮೇಲೆ ವಯಲ್ ತೆರೆದು ಅದರ ಪರೀಕ್ಷೆಯ ಪುಟದಲ್ಲಿ ಒಂದೊಂದೇ ಕೀ ಒತ್ತಿ ನೋಡಿ. ಅದು ಮೊದಲು ಅನ್‌ಲಾಕ್ ಮಾಡಲು ಕೆಲವು ಕೀಗಳನ್ನು ಒಟ್ಟಿಗೆ ಹಿಡಿಯಲು ಹೇಳುತ್ತದೆ, ಗಾಬರಿಯಾಗಬೇಡಿ, ಅದು ಸುರಕ್ಷತೆಗೆ.

ಈಗ ಆ ಎಚ್ಚರಿಕೆ. ಎರಡು ಹೋಳಿನ ನಡುವೆ ಹೆಡ್‌ಫೋನ್ ಪಿನ್ ತರಹದ ಕೇಬಲ್ ಇದ್ದರೆ, ಯುಎಸ್‌ಬಿ ಜೋಡಿಸಿರುವಾಗ ಅದನ್ನು ಕೀಳಬೇಡಿ, ಹಾಕಲೂಬೇಡಿ. ಪಿನ್ ಒಳಗೆ ಜಾರುವಾಗ ವಿದ್ಯುತ್ ಇರುವ ಪಟ್ಟಿ ಬೇರೆ ಸಂಪರ್ಕಗಳಿಗೆ ತಾಗುತ್ತದೆ, ಶಾರ್ಟ್ ಆಗಿ ಚಿಪ್ ಸುಟ್ಟುಹೋಗಬಹುದು. ಮೊದಲು ಯುಎಸ್‌ಬಿ ತೆಗೆಯಿರಿ, ಆಮೇಲೆ ನಡುವಿನ ಕೇಬಲ್. ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ಕೇಬಲ್ಲಿನ ಪಿನ್ ಮೇಲೆ ಮೂರು ಉಂಗುರ ಇರುವುದನ್ನೇ ತನ್ನಿ, ಎರಡು ಉಂಗುರದ್ದು ಎಲ್ಲ ಬೋರ್ಡ್‌ಗೂ ಆಗುವುದಿಲ್ಲ.

ಹಂತ 4: ಮೇಜಿನ ಮೇಲೆ

ಭುಜ ಸಡಿಲ ಬಿಟ್ಟು, ಮೊಣಕೈ ಪಕ್ಕೆಯ ಹತ್ತಿರ ಇಟ್ಟು, ಕೈ ಮುಂದಕ್ಕೆ ಚಾಚಿ. ಅಂಗೈ ಬಿದ್ದ ಜಾಗದಲ್ಲಿ ಒಂದೊಂದು ಹೋಳು. ಒಳ ಅಂಚನ್ನು ಸ್ವಲ್ಪ ಎತ್ತರಿಸಿದರೆ ಅಂಗೈ ಅಷ್ಟು ಕೆಳಮುಖವಾಗುವುದಿಲ್ಲ. ಇದಕ್ಕೆ ಟೆಂಟಿಂಗ್ ಅನ್ನುತ್ತಾರೆ. ಸುಮಾರು 10 ಡಿಗ್ರಿಯಿಂದ ಶುರು ಮಾಡಿ, ಅಡಿಗೆ ಒಂದು ತೆಳು ಪುಸ್ತಕ ಇಟ್ಟರೂ ಆದೀತು. ಹಿಂದಿನ ಕಾಲು ಎತ್ತಿ ಕೀಬೋರ್ಡನ್ನು ನಿಮ್ಮ ಕಡೆಗೆ ಬಾಗಿಸುವ ಅಭ್ಯಾಸ ಬಿಡಿ, ಅದು ಮಣಿಕಟ್ಟನ್ನು ಮೇಲಕ್ಕೆ ಮಡಿಸುತ್ತದೆ.

ಹಂತ 5: ಮೊದಲ ಪದರ

ಇಲ್ಲಿ ಒಂದು ನಿಯಮ ಪಾಲಿಸಿ: ಒಂದು ಸಲಕ್ಕೆ ಒಂದೇ ಬದಲಾವಣೆ. ಹೊಸ ಬೋರ್ಡ್ ಬಂದ ಹುರುಪಿನಲ್ಲಿ ಕೋಲ್‌ಮ್ಯಾಕ್ ಅಥವಾ ಡ್ವೊರಾಕ್ ಜೋಡಣೆಯನ್ನೂ ಜೊತೆಗೇ ಕಲಿಯಲು ಹೋಗುವವರು ಬಹಳ ಜನ. ಬೇಡ. ಕ್ವರ್ಟಿಯಲ್ಲೇ ಇರಿ.

ಕನ್ನಡದವರಿಗೆ ಇದಕ್ಕೆ ಇನ್ನೊಂದು ಗಟ್ಟಿ ಕಾರಣವಿದೆ. ಕೀಬೋರ್ಡ್ ಕಂಪ್ಯೂಟರಿಗೆ ಅಕ್ಷರ ಕಳಿಸುವುದಿಲ್ಲ, ಯಾವ ಕೀ ಎಂಬ ಸಂಕೇತ ಕಳಿಸುತ್ತದೆ. ಅದು 'ಕೆ' ಆಗಬೇಕೋ 'ಕ' ಆಗಬೇಕೋ ಎಂದು ತೀರ್ಮಾನಿಸುವುದು ವಿಂಡೋಸ್ ಅಥವಾ ಲಿನಕ್ಸ್. ಬೋರ್ಡ್ ಒಳಗೇ ಕೋಲ್‌ಮ್ಯಾಕ್ ಹಾಕಿದರೆ ಇನ್‌ಸ್ಕ್ರಿಪ್ಟ್‌ನ ಅಕ್ಷರಗಳೆಲ್ಲ ಜಾಗ ಬಿಟ್ಟು ಚೆಲ್ಲಾಪಿಲ್ಲಿಯಾಗುತ್ತವೆ. ಮುಂದೆ ಯಾವತ್ತಾದರೂ ಕೋಲ್‌ಮ್ಯಾಕ್ ಬೇಕೆನಿಸಿದರೆ, ಕನ್ನಡಕ್ಕೆಂದೇ ಒಂದು ಕ್ವರ್ಟಿ ಪದರ ಇಟ್ಟುಕೊಂಡು ಒಂದು ಕೀಯಿಂದ ಅದಕ್ಕೆ ಹೋಗಿ ಬನ್ನಿ.

ಮೊದಲ ಪದರದಲ್ಲಿ ನಿಜವಾಗಿ ಯೋಚಿಸಬೇಕಾದ್ದು ಹೆಬ್ಬೆರಳಿನ ಕೀಗಳ ಬಗ್ಗೆ. ಹಳೆಯ ಕೀಬೋರ್ಡ್‌ನ ಸ್ಪೇಸ್ ಬಾರ್ ನೋಡಿ. ಯಾವ ಕಡೆ ಸವೆದು ಹೊಳೆಯುತ್ತಿದೆಯೋ ಆ ಕೈಗೆ ಸ್ಪೇಸ್ ಕೊಡಿ. ಬಲಗೈ ಅಂದುಕೊಳ್ಳೋಣ. ಆಗ ಬಲಕ್ಕೆ ಒಳಗಿನಿಂದ ಹೊರಗೆ ಸ್ಪೇಸ್, ಬ್ಯಾಕ್‌ಸ್ಪೇಸ್, ಎಂಟರ್. ಎಡಕ್ಕೆ ಒಳಗಿನಿಂದ ಹೊರಗೆ ಶಿಫ್ಟ್, ಪದರದ ಕೀ, ಕಂಟ್ರೋಲ್. ಬ್ಯಾಕ್‌ಸ್ಪೇಸ್ ಹೆಬ್ಬೆರಳಿಗೆ ಬಂದದ್ದು ಒಂದೇ ಸಾಕು, ಎರಡನೇ ವಾರಕ್ಕೆ ನಿಮಗೆ ಹಳೆಯ ಕೀಬೋರ್ಡ್ ಹಿಂಸೆ ಅನ್ನಿಸಲು.

ಇನ್ನೊಂದು ಕೀಯನ್ನು ಭಾಷೆ ಬದಲಿಸಲು ಮೀಸಲಿಡಿ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಮತ್ತು ಸ್ಪೇಸ್, ಮ್ಯಾಕ್‌ನಲ್ಲಿ ಕಂಟ್ರೋಲ್ ಮತ್ತು ಸ್ಪೇಸ್, ಗ್ನೋಮ್ ಲಿನಕ್ಸ್‌ನಲ್ಲಿ ಸೂಪರ್ ಮತ್ತು ಸ್ಪೇಸ್. ನುಡಿ ತಂತ್ರಾಂಶ ಬಳಸುವವರಿಗೆ ಸ್ಕ್ರೋಲ್ ಲಾಕ್ ಬೇಕು, ಬರಹ ತಂತ್ರಾಂಶದವರಿಗೆ ಎಫ್11. ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೋಲ್ ಲಾಕ್ ಹುಡುಕಿ ಹುಡುಕಿ ಸಾಕಾಗಿದ್ದರೆ, ಇಲ್ಲಿ ಅದನ್ನು ಬೇಕಾದಲ್ಲಿ ಕೂರಿಸಬಹುದು.

ಹಂತ 6: ಎರಡನೇ ಪದರ

ಪದರದ ಕೀ ಹಿಡಿದಿರುವಷ್ಟು ಹೊತ್ತು ಬೇರೆ ಕೀಗಳೆಲ್ಲ ಬೇರೆ ಕೆಲಸ ಮಾಡುತ್ತವೆ. ಬಲಗೈಯ ನಡು ಸಾಲಿಗೆ ಬಾಣದ ಕೀಗಳು, ಅದರ ಮೇಲೆ ಹೋಮ್, ಎಂಡ್, ಪೇಜ್ ಅಪ್, ಪೇಜ್ ಡೌನ್. ಮೊದಲ ಎರಡು ವಾರಕ್ಕೆ ಇಷ್ಟೇ ಹಾಕಿ. ಚಿಹ್ನೆ, ಅಂಕಿಗಳ ಪದರ ಆಮೇಲೆ.

ಚಿಹ್ನೆಗಳ ಪದರ ಮಾಡಿದಾಗ ಒಂದು ವಿಚಿತ್ರ ಎದುರಾಗುತ್ತದೆ. ಹೂ ಆವರಣ ({) ಒತ್ತಿದರೆ 'ಢ' ಬರುತ್ತದೆ. ಬೋರ್ಡ್ ಕೆಟ್ಟಿಲ್ಲ. ಹೂ ಆವರಣ ಅಂದರೆ ಶಿಫ್ಟ್ ಜೊತೆ ಚೌಕ ಆವರಣದ ಕೀ ಅಂತಲೇ ಬೋರ್ಡ್ ಕಳಿಸುವುದು. ಇನ್‌ಸ್ಕ್ರಿಪ್ಟ್ ಆನ್ ಇದ್ದರೆ ಅಲ್ಲಿ 'ಢ' ಇದೆ. ಕಗಪದವರಿಗೆ ಈ ತೊಂದರೆ ಇಲ್ಲ, ಅದು ಚಿಹ್ನೆಗಳ ಕೀ ಮುಟ್ಟುವುದಿಲ್ಲವಲ್ಲ.

ಹಂತ 7: ಹೋಮ್ ರೋ ಮಾಡ್ ಮತ್ತು ಒತ್ತಕ್ಷರ

ಒಂದು ತಿಂಗಳಾದ ಮೇಲೆ, ಬೋರ್ಡ್ ಕೈಗೆ ಹೊಂದಿದೆ ಅನ್ನಿಸಿದಾಗ ಮಾತ್ರ ಇಲ್ಲಿಗೆ ಬನ್ನಿ.

ಹೋಮ್ ರೋ ಮಾಡ್ ಅಂದರೆ ನಡು ಸಾಲಿನ ಕೀಗಳಿಗೆ ಎರಡೆರಡು ಕೆಲಸ. ತಟ್ಟಿದರೆ ಅಕ್ಷರ, ಹಿಡಿದರೆ ಕಂಟ್ರೋಲ್, ಶಿಫ್ಟ್ ಮುಂತಾದ್ದು. ಹೆಚ್ಚು ಜನ ಬಳಸುವ ಒಂದು ಕ್ರಮದಲ್ಲಿ ಎಡಗೈಗೆ ಎ ಮೇಲೆ ವಿಂಡೋಸ್ ಕೀ, ಎಸ್ ಮೇಲೆ ಆಲ್ಟ್, ಡಿ ಮೇಲೆ ಕಂಟ್ರೋಲ್, ಎಫ್ ಮೇಲೆ ಶಿಫ್ಟ್. ಬಲಗೈಗೆ ಅದರ ಕನ್ನಡಿ. ಕಿರುಬೆರಳು ಮೂಲೆಯ ಕೀಗಳಿಗೆ ಓಡುವುದು ತಪ್ಪುತ್ತದೆ. ಇಂಗ್ಲಿಷಿಗೆ ನಿಜಕ್ಕೂ ಒಳ್ಳೆಯದು.

ಕನ್ನಡದಲ್ಲಿ ಏನಾಗುತ್ತದೆ ನೋಡಿ. ಕಗಪದಲ್ಲಿ ಒತ್ತಕ್ಷರ ಕೂಡಿಸುವ ಹಲಂತ ಇರುವುದು ಎಫ್ ಮೇಲೆ. ಇನ್‌ಸ್ಕ್ರಿಪ್ಟ್‌ನಲ್ಲಿ ಡಿ ಮೇಲೆ. ನಾವು ಮತ್ತೆ ಮತ್ತೆ, ಅದೂ ವೇಗವಾಗಿ, ಎರಡು ಅಕ್ಷರದ ನಡುವೆ ತಟ್ಟುವ ಕೀ ಅದೇ. ಕಗಪದಲ್ಲಿ 'ಕನ್ನಡ' ಅಂದರೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಎಫ್ ಮೇಲಿನ ಬೆರಳು ಏಳುವ ಮೊದಲೇ ಎರಡನೇ ಎನ್ ಒತ್ತಿದರೆ, ಬೋರ್ಡ್ ಅದನ್ನು ಶಿಫ್ಟ್ ಹಿಡಿದಂತೆ ತಿಳಿಯಬಹುದು. ಆಗ ಮೂಡುವುದು 'ಕನಣಡ'. ಇನ್‌ಸ್ಕ್ರಿಪ್ಟ್‌ನಲ್ಲಿ 'ನ್ನ' ಅಂದರೆ ವಿ, ಡಿ, ವಿ. ಡಿ ಕಂಟ್ರೋಲ್ ಆಗಿಬಿಟ್ಟರೆ ಕಂಟ್ರೋಲ್ ವಿ, ಅಂದರೆ ಮೊದಲು ಕಾಪಿ ಮಾಡಿದ್ದ ಏನೋ ಒಂದು ವಾಕ್ಯದ ನಡುವೆ ಬಂದು ಕೂರುತ್ತದೆ. ತಟ್ಟಿದ್ದೋ ಹಿಡಿದದ್ದೋ ಎಂದು ತೀರ್ಮಾನಿಸುವ ಅವಧಿ ಕ್ಯೂಎಂಕೆಯಲ್ಲೂ ಝಡ್‌ಎಂಕೆಯಲ್ಲೂ ತಾನಾಗಿ 200 ಮಿಲಿಸೆಕೆಂಡ್ ಇರುತ್ತದೆ. ಝಡ್‌ಎಂಕೆ ಇನ್ನೂ ಅವಸರದ್ದು: ಅದರ ಸಿದ್ಧ ಸೆಟ್ಟಿಂಗಿನಲ್ಲಿ ಇನ್ನೊಂದು ಕೀ ಒತ್ತಿದ ಕೂಡಲೇ ಹಿಡಿದದ್ದು ಎಂದೇ ಲೆಕ್ಕ.

ಇದಕ್ಕೆ ಮದ್ದುಗಳಿವೆ. ಕ್ಯೂಎಂಕೆಯ ಫ್ಲೋ ಟ್ಯಾಪ್, ಝಡ್‌ಎಂಕೆಯ ಅದೇ ಬಗೆಯ ಸೆಟ್ಟಿಂಗ್ ಹಾಕಿದರೆ, ಹಿಂದಿನ ಕೀ ಒತ್ತಿ ಸ್ವಲ್ಪವೇ ಹೊತ್ತಾಗಿದ್ದಾಗ ಬಂದ ಕೀಯನ್ನು ತಟ್ಟಿದ್ದು ಎಂದೇ ತಿಳಿಯುತ್ತದೆ. ಒತ್ತಕ್ಷರದ ತೊಂದರೆ ಬಹುಮಟ್ಟಿಗೆ ಹೋಗುತ್ತದೆ. ಆದರೆ ಕಗಪದಲ್ಲಿ ಹೊಸ ತೊಂದರೆ ಹುಟ್ಟುತ್ತದೆ. ಇಂಗ್ಲಿಷಿನಲ್ಲಿ ಶಿಫ್ಟ್ ಬೇಕಾಗುವುದು ಹೆಚ್ಚಾಗಿ ಪದದ ಶುರುವಿನಲ್ಲಿ. ಕಗಪದಲ್ಲಿ ದೀರ್ಘ ಬಂದಲ್ಲೆಲ್ಲ, ಳ, ಣ, ಶ ಬಂದಲ್ಲೆಲ್ಲ ಪದದ ನಡುವೆಯೇ ಶಿಫ್ಟ್ ಬೇಕು. 'ಕಾಳಜಿ' ಎಂಬ ಮೂರಕ್ಷರಕ್ಕೆ ಎರಡು ಸಲ. ನಡು ಸಾಲಿನ ಶಿಫ್ಟ್ ಆ ವೇಗದಲ್ಲಿ ಶಿಫ್ಟ್ ಆಗುವುದೇ ಇಲ್ಲ, 'ಫ್ಲೋ' ಅದನ್ನು ಅಕ್ಷರ ಮಾಡಿಬಿಡುತ್ತದೆ.

ಹಾಗಾಗಿ ನಾನು ಎಲ್ಲ ಕನ್ನಡಿಗರಿಗೂ ಹೇಳುವುದು ಇಷ್ಟು. ಹಲಂತದ ಕೀಗೆ ಇನ್ನೊಂದು ಕೆಲಸ ಕೊಡಬೇಡಿ, ಅದು ಬರೀ ಅಕ್ಷರವಾಗಿರಲಿ. ಶಿಫ್ಟ್ ಹೆಬ್ಬೆರಳಿಗೆ ಇರಲಿ, ಅದೂ ಒನ್ ಶಾಟ್ ಶಿಫ್ಟ್. ಒಮ್ಮೆ ತಟ್ಟಿದರೆ ಮುಂದಿನ ಒಂದು ಕೀಗೆ ಮಾತ್ರ ಅನ್ವಯಿಸುತ್ತದೆ, ಹಿಡಿದುಕೊಂಡರೆ ಮಾಮೂಲಿ ಶಿಫ್ಟ್. 'ಕಾ' ಬೇಕಾದರೆ ಕೆ, ಹೆಬ್ಬೆರಳಿನ ಒಂದು ತಟ್ಟು, ಎ. ವಾರದೊಳಗೆ ಇದು ಕೈಗೆ ಕೂರುತ್ತದೆ, ಆಮೇಲೆ ಕಿರುಬೆರಳಿಗೆ ಶಿಫ್ಟ್ ಕೆಲಸವೇ ಇಲ್ಲ. ಉಳಿದ ಕಂಟ್ರೋಲ್, ಆಲ್ಟ್ ನಡು ಸಾಲಿನಲ್ಲಿ ಬೇಕಾದರೆ ಇರಲಿ. ಇನ್‌ಸ್ಕ್ರಿಪ್ಟ್‌ನವರು ಡಿ ಮೇಲಿನ ಕಂಟ್ರೋಲನ್ನು ಎಫ್‌ಗೆ ಸರಿಸಬಹುದು, ಅಲ್ಲಿ 'ಿ' ಇದೆ, ಆದ್ದರಿಂದ ಫ್ಲೋ ಟ್ಯಾಪ್ ಜೊತೆಗೇ ಬಳಸಿ.

ಹಂತ 8: ಕೈ ಪಳಗಿಸುವುದು

ಮೊದಲ ದಿನ ವೇಗ ಅರ್ಧಕ್ಕಿಂತ ಕೆಳಗೆ ಬಿದ್ದರೆ ಗಾಬರಿ ಬೇಡ. ಕೆಲಸದ ಗಡುವು ತಲೆಯ ಮೇಲಿರುವ ವಾರ ಶುರು ಮಾಡಬೇಡಿ, ಅಷ್ಟೆ. ದಿನಕ್ಕೆ ಅರ್ಧ ಗಂಟೆ ಹೊಸದರಲ್ಲಿ, ಉಳಿದದ್ದು ಹಳೆಯದರಲ್ಲಿ ಮಾಡಿದರೂ ನಡೆಯುತ್ತದೆ. ಕೆಳಸಾಲಿನ ಝಡ್, ಎಕ್ಸ್, ಸಿ ಕೀಗಳು ಮೊದಮೊದಲು ತಪ್ಪುತ್ತವೆ, ಯಾಕೆಂದರೆ ಓರೆ ಸಾಲಿಗೆ ಪಳಗಿದ ಬೆರಳು ಪಕ್ಕಕ್ಕೆ ಹೋಗುತ್ತದೆ. ಬಿ ಕೀಯನ್ನು ಬಲಗೈಯಲ್ಲಿ ಒತ್ತುವ ಅಭ್ಯಾಸ ಇದ್ದವರಿಗೆ ಬೆರಳು ಖಾಲಿ ಮೇಜಿಗೆ ಬಡಿಯುತ್ತದೆ. ಅದನ್ನು ಎಡಗೈಗೆ ಕಲಿಸಲೇಬೇಕು, ಬೇರೆ ದಾರಿ ಇಲ್ಲ.

ಅಭ್ಯಾಸಕ್ಕೆ ಇಂಗ್ಲಿಷ್ ಟೈಪಿಂಗ್ ತಾಣಗಳಷ್ಟೇ ಸಾಲದು. ಅಂದಿನ ಪತ್ರಿಕೆಯ ಒಂದು ಕನ್ನಡ ಪ್ಯಾರಾ ನೋಡಿಕೊಂಡು ಟೈಪ್ ಮಾಡಿ. ಅಕ್ಕ, ಅಣ್ಣ, ಕತ್ತೆ, ಮಕ್ಕಳು, ಹೆಬ್ಬಾಗಿಲು ಇಂಥ ಪದಗಳನ್ನು ಬೇಕೆಂದೇ ಸೇರಿಸಿ. ತಪ್ಪು ಎಲ್ಲಿ ಮರುಕಳಿಸುತ್ತದೆ ಅಂತ ಗುರುತು ಹಾಕಿಕೊಂಡು, ವಾರಕ್ಕೆ ಒಂದು ಕೀ ಮಾತ್ರ ಬದಲಿಸಿ. ದಿನಾ ಬದಲಿಸಿದರೆ ಬೆರಳಿಗೆ ಯಾವುದೂ ನೆನಪುಳಿಯುವುದಿಲ್ಲ.

ಪ್ರತಿ ಬದಲಾವಣೆ ಆದ ಮೇಲೂ ವಯಲ್‌ನಲ್ಲಿ ಈಗಿನ ಹೊಂದಿಕೆಯನ್ನು ಫೈಲಾಗಿ ಉಳಿಸಿ, ಹೆಸರಿನಲ್ಲಿ ತಾರೀಕು ಹಾಕಿ. ಹೊಸ ಫರ್ಮ್‌ವೇರ್ ತುಂಬಿಸಿದಾಗ ಹಳೆಯ ಹೊಂದಿಕೆ ಅಳಿಸಿಹೋಗಬಹುದು. ಫೈಲ್ ಇದ್ದರೆ ಒಂದು ನಿಮಿಷದಲ್ಲಿ ಎಲ್ಲ ವಾಪಸ್ ಬರುತ್ತದೆ, ಅದೇ ಮಾದರಿಯ ಇನ್ನೊಂದು ಬೋರ್ಡ್ ಆಫೀಸಿಗೆ ತಂದಿಟ್ಟುಕೊಂಡರೂ ಅದೇ ಫೈಲ್ ಅಲ್ಲಿಗೂ ಆಗುತ್ತದೆ.